ಕಫೀಲನ ಕೈಗೆ ತಕ್ಕ ಪಿಸ್ತೂಲು

ಅಳಿಯ ಇದ್ದಿನಬ್ಬ,

ಇದಕ್ಕೆ ಅಂಚೆಚೀಟಿ ಹಚ್ಚುವವನಲ್ಲ ನಾನು, ಆದರೂ ಕೇಳು. ನನ್ನನ್ನು ಇಲ್ಲಿ ಕೆಲಸಕ್ಕಿಟ್ಟುಕೊಂಡ ಅರಬ್ ಯಜಮಾನ, ನನ್ನ ಕಫೀಲ್ ಮುದುಕ, ಪಿಸ್ತೂಲು ಕೊಂಡ. ಆರಿಸಿಕೊಟ್ಟವನು ಯಾರು? ನಿನ್ನ ಮಾಮ! ಊರಿನಲ್ಲಿ ಕೋವಿಯಿಂದ ಹಂದಿ ಹೊಡೆದ ಕಥೆಯನ್ನು ಅವನಿಗೆ ಅಷ್ಟು ಸಲ ಹೇಳಿದ್ದೆನಲ್ಲ, ಅದಕ್ಕೇ ಪಿಸ್ತೂಲು ಮಾರುವ ತನ್ನ ನೆಂಟನ ಮನೆಗೆ ನನ್ನನ್ನು ಕರೆದುಕೊಂಡು ಹೋದ.

ಅವನ ಬೆರಳುಗಳು ವಾತದಿಂದ ಊದಿವೆ. ನೀರಿನ ಬಾಟಲಿಯ ಮುಚ್ಚಳವನ್ನೂ ನಾನೇ ತೆರೆಯಬೇಕು. ಇಂಥವನಿಗೆ ಪಿಸ್ತೂಲು ಯಾಕೆ? ಡಾಟ್ಸನ್ ಕಾರಿನಲ್ಲಿ ಅವನು ಕೂರುವುದು ಗಾಡಿ ಓಡಿಸುವ ನನ್ನ ಬೆನ್ನ ಹಿಂದೆ. ನಾನು ಊರಿಗೆ ರಜೆ ಕೇಳಿದ ವಾರವೇ ಅವನಿಗೆ ಈ ಆಸೆ ಹುಟ್ಟಿತು. ನನಗೆ ಸಂಶಯ ಬಾರದೆ ಇದ್ದೀತೇ?

ನೆಂಟ ತೋರಿಸಿದ ಒಂದು ಪಿಸ್ತೂಲಿನಲ್ಲಿ ಸಣ್ಣ ಕೀಲು ಒತ್ತಿದರೆ ಸಾಕು, ನಳಿಗೆ ತಾನೇ ಮೇಲೆದ್ದು ಬಾಯಿ ತೆರೆಯುತ್ತಿತ್ತು. ಗುಂಡು ಇಟ್ಟು ಮುಚ್ಚಿದರೆ ಆಯಿತು. ಅವನ ಕೈಗೆ ಅದೇ ಸರಿ. ನಾನು "ಇದು ಮಕ್ಕಳ ಆಟಿಕೆ" ಎಂದು ಬದಿಗೆ ಸರಿಸಿ, ಸ್ಪ್ರಿಂಗ್ ಬಿಗಿಯಾದ ಇನ್ನೊಂದನ್ನು ಹೊಗಳಿದೆ. ಮುದುಕ ಎಳೆದೇ ಎಳೆದ, ಗುಂಡು ಏರಿಸಲು ಎಳೆಯಬೇಕಾದ ಅದರ ಮೇಲ್ಭಾಗ ಹಿಂದಕ್ಕೆ ಸರಿಯಲಿಲ್ಲ. ನಾನು ಒಳಗೊಳಗೇ ನಕ್ಕೆ. ಅವನು ಅದನ್ನೇ ಕೊಂಡು ನನ್ನ ಮಡಿಲಿಗಿಟ್ಟ.

"ನನ್ನ ಕೈಯಲ್ಲಿ ಆಗುವುದಿಲ್ಲ. ಮರುಭೂಮಿಯ ದಾರಿಯಲ್ಲಿ ನೀನೇ ಇಟ್ಟುಕೋ. ಯಲ್ಲಾ, ನಡೆ, ಗಾಡಿ ತೆಗೆ."

ಇದು ನಂಬಿಕೆಯೋ, ಪರದೇಶಿಯ ಕೈಗೆ ಪಿಸ್ತೂಲು ಕೊಟ್ಟು ಪೊಲೀಸರಿಗೆ ಹಿಡಿದುಕೊಡುವ ಉಪಾಯವೋ? ನೀನಿದ್ದಿದ್ದರೆ "ಎಂತ ಮಾಮಾ, ನಿಮಗೆ ಎಲ್ಲರೂ ಕಳ್ಳರಾ?" ಎಂದು ನಗುತ್ತಿದ್ದೆ. ಇಬ್ಬರೂ ಈ ಕೋಣೆಯಲ್ಲಿ ಜೊತೆಗಿದ್ದಾಗ, ನಾನು ನನ್ನ ಪೆಟ್ಟಿಗೆಗೆ ಬೀಗ ಹಾಕುವುದನ್ನು ನೀನು ಕಂಡ ದಿನವೂ ಹಾಗೆಯೇ ಕೇಳಿದ್ದೆ, ಆದರೆ ನಗಲಿಲ್ಲ. ಮರುದಿನವೇ ನೀನು ಮಕ್ಕಾದ ಹೋಟೆಲಿನ ಕೆಲಸಕ್ಕೆ ಹೊರಟುಬಿಟ್ಟೆ.

ಈಗ ಕೋಣೆಯಲ್ಲಿ ನಾನೊಬ್ಬನೇ. ಆದರೂ ಪೆಟ್ಟಿಗೆಯ ಬೀಗ ತೆಗೆದಿಲ್ಲ.