ಒಂದಕ್ಷರ ಕಡಿಮೆ

ರಾಯಚೂರು
ತಾ. 21-6-1981

ಪ್ರೀತಿಯ ಅಯ್ಯಣ್ಣ ಮಾಸ್ತರರಿಗೆ,

ಗಂಡನ ಹೆಸರು ಬರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಬರೆಯದಿದ್ದರೆ ಕಾಗದ ಪಕ್ಕದ ಮನೆಗೆ ಹೋಗುತ್ತದೆ ಎಂದು ನೀವು ಹೇಳುತ್ತಿದ್ದಿರಿ. ಜಾಂಬಿಯಾದಲ್ಲಿ ನಿಮ್ಮ ಪಕ್ಕದ ಮನೆಯವರು ಯಾರೋ ಎಂಥವರೋ, ಅದಕ್ಕೇ ಹೆಸರು ಬರೆದಿದ್ದೇನೆ. ಇಲ್ಲಿ ನಾನು ಗಟ್ಟಿಮುಟ್ಟಾಗಿದ್ದೇನೆ. ಮಳೆ ಒಂದು ಸಲ ಬಂದು ಮುಖ ತೋರಿಸಿ ಹೋಗಿದೆ. ನೀವು ಅಲ್ಲಿ ಸ್ವೆಟರು ಹಾಕಿಕೊಂಡಿದ್ದೀರಿ ಎಂದು ಓದಿ ಹೇಳಿದರೆ ಎದುರುಮನೆಯ ರಂಜಾನಬಿ ನಂಬಲಿಲ್ಲ. ಆಫ್ರಿಕಾದಲ್ಲಿ ಚಳಿ ಎಂದರೆ ನಿಮಗೆ ಜ್ವರ ಬಂದಿರಬೇಕು, ನನ್ನಿಂದ ಮುಚ್ಚಿಡುತ್ತಿದ್ದೀರಿ ಎಂಬುದು ಅವಳ ತೀರ್ಮಾನ.

ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ. ಮೊದಲನೆಯದಕ್ಕೆ ಬಡಿಗನ ನೆಪವಿತ್ತು, ಎರಡನೆಯದಕ್ಕೆ ನೆಪವೂ ಇಲ್ಲ. ನೀವು ಕೇಳಿದ್ದು ಮೂರು: ಪೆಟ್ಟಿಗೆ ಆಯಿತೇ, ಅದರಲ್ಲಿ ಏನೇನು ಹಾಕುತ್ತೀ, ಗೋಪಿಯ ಪಾಸ್‌ಪೋರ್ಟಿನ ಕಾಗದಕ್ಕೆ ಯಮನಮ್ಮ ಸಹಿ ಹಾಕಿದಳೇ. ಅದೇ ಕ್ರಮದಲ್ಲಿ ಬರೆಯುತ್ತೇನೆ. ಬರುವ ಪ್ರಶ್ನೆ ಮೊದಲು ಬರೆಯಿರಿ ಎಂದು ನೀವೇ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದಿರಲ್ಲ. ನಿನ್ನ ತಂಗಿ ಎಂದ ಮೇಲೆ ಸಹಿ ಹಾಕಿಯೇ ಹಾಕುತ್ತಾಳೆ ಎಂದು ಬರೆದಿದ್ದಿರಿ. ಅವಳು ಗೋಪಿಯನ್ನು ಹೆತ್ತವಳು ಎಂಬುದು ನಿಮಗೆ ಮರೆತಿತ್ತೇನೋ. ನನಗೂ ಆಗಾಗ ಮರೆಯುತ್ತಿತ್ತು.

ಪೆಟ್ಟಿಗೆ ಆಗಿದೆ. ಪೀರಾ ಸಾಬ್ ಬೇವಿನ ಹಲಗೆಯಿಂದ ಮಾಡಿದ್ದಾನೆ. ಹುಳ ಹತ್ತುವುದಿಲ್ಲ, ಸಮುದ್ರದ ನೀರು ಸಿಡಿದರೂ ಹೆದರಬೇಡಿ ಎಂದ. ಅವನು ಸಮುದ್ರ ನೋಡಿದ್ದಾನೆಯೇ ಎಂದು ಕೇಳಿದೆ. ದೇವಸುಗೂರಿನಲ್ಲಿ ಕೃಷ್ಣೆ ತುಂಬಿದ್ದು ನೋಡಿದ್ದೇನೆ, ಅಷ್ಟೇ ಇರುತ್ತದೆ ಎಂದ. ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟ ಮೇಲೆ ನಮಗೆ ಓಡಾಡಲು ಜಾಗವಿಲ್ಲ. ಮುಚ್ಚಳವಿಲ್ಲದ ಆ ಪೆಟ್ಟಿಗೆಯೊಳಗೇ ಕುಳಿತು ಗೋಪಿ ಮಗ್ಗಿ ಹೇಳುತ್ತಿದ್ದಳು.

ಓಣಿಯಲ್ಲಿ ಎಲ್ಲರೂ ಹಡಗಿನ ವಿಷಯದಲ್ಲಿ ಪಂಡಿತರಾಗಿದ್ದಾರೆ. ಉಪ್ಪಿನಕಾಯಿ ಒಯ್ಯಿ ಎನ್ನುವವರು ಕೆಲವರು, ಒಯ್ದರೆ ಜಾಡಿ ಒಡೆದು ಸೀರೆಗಳೆಲ್ಲ ಉಪ್ಪಿನಕಾಯಿ ಆಗುತ್ತವೆ ಎನ್ನುವವರು ಕೆಲವರು. ರಂಜಾನಬಿ ನನ್ನ ಬೀಸುವ ಕಲ್ಲಿನ ಮೇಲೆ ಕುಳಿತುಕೊಂಡೇ, “ಇಷ್ಟು ಭಾರ ಹಡಗಿಗೆ ಯಾಕ ಹಾಕ್ತಿ ಬೇ, ಪಾಪ ಅದು ಮುಳುಗಿದ್ರ ಎಷ್ಟು ಮಂದಿ ಸಾಯ್ತಾರ,” ಎಂದಳು. ಕಲ್ಲು ಅವಳಿಗೇ ಕೊಟ್ಟೆ. ಹಡಗಿನ ಮಂದಿಯ ಜೀವ ಉಳಿಯಿತು.

ರೊಟ್ಟಿ ಹಂಚು ಹಾಕಿದ್ದೇನೆ, ಕಬ್ಬಿಣದ್ದು. ಜೋಳ ಅಲ್ಲಿ ಸಿಗುತ್ತದೆ ಎಂದು ಬರೆದಿದ್ದೀರಿ, ಸಿಕ್ಕಿತು ಎಂದುಕೊಳ್ಳೋಣ. ಹೊಲಿಗೆ ಯಂತ್ರದ ತಲೆ ಹಾಕಿದ್ದೇನೆ, ಕಾಲು ಅಲ್ಲಿಯೇ ಮಾಡಿಸಿ. ನಿಮ್ಮ ವಿಜ್ಞಾನದ ಪುಸ್ತಕಗಳಲ್ಲಿ ಅರ್ಧ ಹಾಕಿದೆ. ಯಾವ ಅರ್ಧ ಎಂದು ಕೇಳಬೇಡಿ, ಗೆದ್ದಲು ತಿನ್ನದೆ ಬಿಟ್ಟ ಅರ್ಧ. ಬುದ್ಧನ ಫೋಟೋದ ಗಾಜು ತೆಗೆದು ಎರಡು ಕೌದಿಗಳ ನಡುವೆ ಮಲಗಿಸಿದ್ದೇನೆ. ಮಂಚ, ಗಡಿಯಾರ, ನಿಮ್ಮ ಆರಾಮ ಕುರ್ಚಿ ಇವೆಲ್ಲ ಇಲ್ಲೇ. ಕುರ್ಚಿಗೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ ಎಂದು ಗೊತ್ತು. ಮಾಡಿಕೊಳ್ಳಿರಿ.

ತಾಮ್ರದ ಕೊಡ ಬೇಡವೆಂದು ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಕಲ್ಲೂರಿನಿಂದ ನಿಮ್ಮವ್ವ ಬಂದರು. ನಿಮ್ಮ ತಮ್ಮನೇ ಕರೆದುಕೊಂಡು ಬಂದಿದ್ದ. ಅಲ್ಲಿ ನೀರು ನಲ್ಲಿಯಲ್ಲಿ ಬರುತ್ತದೆ, ಕೊಡ ಹೊತ್ತು ಎಲ್ಲಿಗೆ ಹೋಗಲಿ ಎಂದು ನಾನು ತಿಳಿಹೇಳಿದೆ. ಅವರು ಕೊಡದ ಬಾಯನ್ನು ಸೆರಗಿನಿಂದ ಒರೆಸುತ್ತಾ, “ಇದನ್ನ ತಗೊಂಡ ವರ್ಷ ನಮ್ಮನ್ನ ಊರ ಬಾವಿಗೆ ಇಳಿಯಗೊಡಲಿಲ್ಲ, ಸೂಗಮ್ಮ. ಬರೇ ಕೊಡ ಬೆಳಗಿ ಬೆಳಗಿ ಇಟ್ಟೀನಿ. ಬಾವಿಗೆ ಇಳಿಲಾರದ್ದು ಸಮುದ್ರನಾದ್ರೂ ದಾಟಲಿ, ಹಾಕು,” ಎಂದರು. ಹಾಕಿದೆ. ಅದರ ಹೊಟ್ಟೆಯೊಳಗೆ ನಿಮ್ಮ ಬನಿಯನ್ನುಗಳನ್ನು ತುಂಬಿದ್ದೇನೆ.

ಮುಂಬಯಿಯ ಏಜೆಂಟ್ ಒಂದು ಮಾತು ಬರೆದಿದ್ದ. ದಾರ್-ಎಸ್-ಸಲಾಮ್ ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿ ನೋಡುತ್ತಾರೆ, ಸಾಮಾನು ಕಲಸಿಹೋಗಬಾರದು ಎಂದರೆ ಪಾತ್ರೆಗಳ ಮೇಲೆಲ್ಲ ಹೆಸರಿರಲಿ ಎಂದು. ಆದ್ದರಿಂದ ನಾನೂ ಗೋಪಿಯೂ ಗೋಣಿಚೀಲ ಹೊತ್ತು ತೀನ್ ಕಂದೀಲ್ ಹತ್ತಿರದ ಖಾಜಾಮಿಯಾನ ಅಂಗಡಿಗೆ ಹೋದೆವು. ಅವನು ಗೊತ್ತಲ್ಲ, ಗೋಪಿ ಶಾಲೆಗೆ ಸೇರಿದ ವರ್ಷ ಅವಳ ಊಟದ ತಾಟಿನ ಮೇಲೆ ‘ಗೋಪಮ್ಮ’ ಎಂದು ಚುಕ್ಕಿ ಚುಕ್ಕಿಯಾಗಿ ಹೊಡೆದುಕೊಟ್ಟವನು. ಈಗಲೂ ಅಕ್ಷರಕ್ಕೆ ಇಷ್ಟು ಎಂದೇ ಲೆಕ್ಕ. ಒತ್ತಕ್ಷರಕ್ಕೆ ಬೇರೆ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. “ನರ್ಸಬಾಯಿ, ನೀವು ನಮ್ಮ ಮಕ್ಕಳಿಗೆ ಸೂಜಿ ಚುಚ್ಚುವಾಗ ಗಂಡಿಗೊಂದು ರೇಟು ಹೆಣ್ಣಿಗೊಂದು ರೇಟು ತಗೊಂಡೀರೇನು?” ಎಂದ. ನಿಮ್ಮ ಹೆಸರಿಗೂ ಮೂರಕ್ಷರ, ನನ್ನ ಹೆಸರಿಗೂ ಮೂರೇ. ಖರ್ಚಿನಲ್ಲಿ ಗಂಡಹೆಂಡಿರು ಸಮ ಇದ್ದೇವೆ.

ಅಲ್ಲಿ ಗೋಪಿ ನಮ್ಮ ಮದುವೆಯ ತಂಬಿಗೆಯನ್ನು ತಿರುಗಿಸಿ ನೋಡುತ್ತಾ, ಅದರ ಮೇಲೆ ಎರಡು ಹೆಸರು ಯಾಕಿವೆ ಎಂದು ಕೇಳಿದಳು. “ಮ್ಯಾಲಿಂದು ಯಾರಿಗೆ ಅಂತ, ಕೆಳಗಿಂದು ಯಾರು ಕೊಟ್ಟರು ಅಂತ,” ಎಂದ ಖಾಜಾಮಿಯಾ. ಬಾಗಲವಾಡದ ನಮ್ಮ ವೆಂಕೋಬ ಮಾವ ಕೊಟ್ಟ ತಂಬಿಗೆ ಅದು. ಮಾವ ಹೋಗಿ ಎಷ್ಟೋ ವರ್ಷವಾಯಿತು, ಈಗ ಅವನ ಹೆಸರು ಹಡಗು ಹತ್ತುತ್ತದೆ.

ಇನ್ನು ಮೂರನೆಯ ಪ್ರಶ್ನೆ.

ಯಮನಮ್ಮ ದೇವದುರ್ಗದ ಬಸ್ಸಿಗೆ ಬಂದಳು. ಅವಳ ಗಂಡ ಸುಂಕಪ್ಪ ಬರಲಿಲ್ಲ, ಅಕ್ಕತಂಗಿಯರು ಏನು ಮಾಡಿದರೂ ತನಗೆ ಒಪ್ಪಿಗೆ ಎಂದು ಹೇಳಿ ಕಳಿಸಿದ್ದ. ಊಟ ಮುಗಿದ ಮೇಲೆ ಕಾಗದ ಅವಳ ಮುಂದಿಟ್ಟೆ. ಓದಿಸಿಕೊಂಡಳು. ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

“ಅಕ್ಕಾ, ನಾ ಕೂಸಿನ್ನ ರಾಯಚೂರಿಗೆ ಕೊಟ್ಟೀನಿ. ಆಫ್ರಿಕಾಕ್ಕ ಕೊಟ್ಟಿಲ್ಲ,” ಎಂದಳು.

ಮೂರು ವರ್ಷಕ್ಕೊಮ್ಮೆ ರಜೆ ಕೊಡುತ್ತಾರೆ, ಕರೆದುಕೊಂಡು ಬರುತ್ತೇವೆ ಎಂದೆ.

“ಈಗ ಮನಸು ತಡಿಲಿಲ್ಲಂದ್ರ ಬಸ್ ಹತ್ತಿ ಬರ್ತೀನಿ. ಒಂದು ತಾಸು ಕಣ್ಣಿಲೆ ನೋಡಿ ಹೋಗ್ತೀನಿ. ಅಲ್ಲಿಗೆ ಯಾವ ಬಸ್ ಹತ್ತಲಿ, ನೀನೇ ಹೇಳು. ನೀ ಇಲ್ಲೇ ಇರೋದಾದ್ರ ಕೂಸು ನಿಂದೇ ಅಕ್ಕಾ, ನಾ ಸೊಲ್ಲೆತ್ತಂಗಿಲ್ಲ.”

ನನಗೆ ಸಿಟ್ಟು ಬಂತು, ಸುಳ್ಳು ಬರೆಯುವುದಿಲ್ಲ. ಮಗುವಿಗೆ ದಡಾರ ಎದ್ದ ಜ್ವರದಲ್ಲಿ ರಾತ್ರಿಯೆಲ್ಲ ಯಾರು ಎದ್ದು ಕುಳಿತಿದ್ದರು ಎಂದು ಕೇಳಬೇಕು ಅನ್ನಿಸಿತು. ಆದರೆ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಅತ್ತಿದ್ದರೆ ನಾನೂ ಒಂದು ಮಾತು ಆಡಿ ಗೆಲ್ಲುತ್ತಿದ್ದೆ. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಇಲ್ಲೇ ಉಳಿದುಬಿಡೋಣವೇ ಎಂದು ನಾನು ಯೋಚಿಸಲಿಲ್ಲ ಎಂದು ತಿಳಿಯಬೇಡಿ. ಆಸ್ಪತ್ರೆಯ ಕೆಲಸ ಬಿಟ್ಟಾಗಿದೆ, ಅದು ದೊಡ್ಡ ಮಾತಲ್ಲ. ನಿಮಗೆ ಸಕ್ಕರೆ ಕಾಯಿಲೆ, ಅಲ್ಲಿ ಬ್ರೆಡ್ಡು ಜಾಮು ತಿಂದು ದಿನ ದೂಡುತ್ತಿದ್ದೇನೆ ಎಂದು ತಮಾಷೆಯಾಗಿ ಬರೆದಿದ್ದೀರಿ. ನಾನು ನರ್ಸು, ನನಗೆ ಅದು ತಮಾಷೆಯಾಗಿ ಕಾಣಲಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ ಕುಳಿತಿದ್ದೆ. ಕೊನೆಗೆ ಮಾತು ಮುಗಿಸಿದವಳು ಗೋಪಿ. ನಾವಿಬ್ಬರೂ ಆಡಿದ್ದನ್ನು ಅವಳು ಪೆಟ್ಟಿಗೆಯೊಳಗೆ ಕುಳಿತೇ ಕೇಳಿಸಿಕೊಂಡಿದ್ದಳು. “ದೊಡ್ಡವ್ವ, ನೀ ಹೋಗು. ದೊಡ್ಡಪ್ಪಗ ರೊಟ್ಟಿ ಮಾಡಾಕ ಬರಂಗಿಲ್ಲ,” ಎಂದು ಹೇಳಿ ಮತ್ತೆ ಮಗ್ಗಿ ಹಿಡಿದಳು.

ಮರುದಿನ ಯಮನಮ್ಮ ಪೆಟ್ಟಿಗೆಯ ಹತ್ತಿರ ನಿಂತು ಇದರಲ್ಲಿ ಕೂಸಿನ ಸಾಮಾನು ಯಾವುದು ಎಂದು ಕೇಳಿದಳು. ತೋರಿಸಿದೆ. ಹಾಸಿಗೆ, ಬಟ್ಟೆಗಂಟು, ಬಣ್ಣದ ಚೆಂಡು, ಎಲ್ಲವನ್ನೂ ತಾನೇ ಬಗ್ಗಿ ಎತ್ತಿಕೊಂಡಳು. ನಾನು ಅವನ್ನು ಟ್ರಂಕಿನಲ್ಲಿ ಜೋಡಿಸಿಕೊಟ್ಟೆ. ಗೋಪಿಯ ಊಟದ ತಾಟನ್ನು ಎಲ್ಲದರ ಮೇಲೆ ನಾನೇ ನನ್ನ ಕೈಯಾರೆ ಇಟ್ಟೆ. ಅದರಲ್ಲಿ ಅಲ್ಲದೆ ಬೇರೆಯದರಲ್ಲಿ ಅವಳು ಉಣ್ಣುವುದಿಲ್ಲ ಎಂದು ಯಮನಮ್ಮನಿಗೂ ಹೇಳಿದೆ. ಎರಡು ದಿನ ಬಿಟ್ಟು ಇಬ್ಬರೂ ದೇವದುರ್ಗಕ್ಕೆ ಹೋದರು. ಬಸ್ಸಿನ ಕಿಟಕಿಯಿಂದ ಗೋಪಿ, “ದೊಡ್ಡವ್ವ, ಪೆಟ್ಟಿಗಿ ಮಳಿಯಾಗ ಇಡಬ್ಯಾಡ,” ಎಂದಳು. ಅವಳಿಗೆ ದೊಡ್ಡವ್ವ ಎನ್ನಲು ಕಲಿಸಿದ್ದು ನಾವೇ. ಯಮನಮ್ಮ ಬಂದಾಗ ಅವಳ ಮನಸ್ಸು ನೋಯಬಾರದು, ಅವ್ವ ಎನ್ನುವುದು ಅವಳಿಗೇ ಇರಲಿ ಎಂದು. ಕಲಿಸಿದ್ದನ್ನು ಕೂಸು ಚೆನ್ನಾಗಿ ಕಲಿತಿದೆ.

ಈಗ ಪೆಟ್ಟಿಗೆಯಲ್ಲಿ ಅವಳ ಹಾಸಿಗೆಯಷ್ಟು ಜಾಗ ಖಾಲಿ ಇದೆ. ಏನು ತುಂಬಲಿ ಎಂದು ತೋಚುತ್ತಿಲ್ಲ. ಖಾಲಿ ಬಿಟ್ಟರೆ ಸಾಮಾನು ಅಲ್ಲಾಡಿ ಒಡೆಯುತ್ತವೆ ಎಂದು ಪೀರಾ ಸಾಬ್ ಹೇಳುತ್ತಾನೆ. ನಿಮ್ಮ ಕುರ್ಚಿ ಹಿಡಿಸುತ್ತದೇನೋ ನೋಡಿದೆ, ಹಿಡಿಸಲಿಲ್ಲ. ನಿಮ್ಮವ್ವನ ಮೂರನೆಯ ಕೌದಿ ತುರುಕುತ್ತೇನೆ. ನೀವು ಗೋಪಿಗೆಂದು ಹಿಡಿದಿಟ್ಟಿರುವ ಕೋಣೆಯಲ್ಲಿ ಪುಸ್ತಕ ಇಟ್ಟುಕೊಳ್ಳಿ. ಅಲ್ಲಿಯ ಶಾಲೆಗೆ ಹೇಳಿದ್ದರೆ ಬರುವುದಿಲ್ಲ ಎಂದು ತಿಳಿಸಿ.

ಪೆಟ್ಟಿಗೆ ಈ ವಾರ ಮುಂಬಯಿಗೆ ಹೋಗುತ್ತದೆ. ನಾನು ಮುಂದಿನ ತಿಂಗಳು ವಿಮಾನಕ್ಕೆ. ವಿಮಾನ ನಿಲ್ದಾಣಕ್ಕೆ ಬರುವಾಗ ಆ ಸ್ವೆಟರು ಹಾಕಿಕೊಂಡು ಬನ್ನಿ, ಜ್ವರವೋ ಚಳಿಯೋ ನೋಡಿ ರಂಜಾನಬಿಗೆ ಬರೆಯಬೇಕು. ನಿಮ್ಮವ್ವ ನಿಮ್ಮ ತಲೆಯ ಮೇಲೆ ಕೈಯಿಟ್ಟಂತೆ ಬರೆ ಎಂದು ಹೇಳಿ ಹೋಗಿದ್ದಾರೆ. ನೂರು ವರ್ಷ ಬಾಳಲಿ, ಜಾಮು ತಿನ್ನದಿರಲಿ ಎಂದರು. ಎರಡನೆಯದು ನಾನು ಸೇರಿಸಿದ್ದು.

ನಿಮ್ಮ
ಸೂಗಮ್ಮ

ತಾ.ಕ.: ಕಾಗದ ಅಂಚೆಗೆ ಹಾಕುವ ಮೊದಲು ಇಷ್ಟು ಬರೆಯಬೇಕಾಗಿದೆ. ನಿನ್ನೆ ಪೀರಾ ಸಾಬ್ ಮೊಳೆ ಹೊಡೆಯಲು ಬಂದಾಗ, ಮೂರನೆಯ ಕೌದಿ ತುರುಕೋಣ ಎಂದು ಕೆಳಗಿನ ಕೌದಿ ಎತ್ತಿದೆ. ಅದರ ಮಡಿಕೆಯೊಳಗೆ ಗೋಪಿಯ ತಾಟು ಇತ್ತು. ನಾನು ಟ್ರಂಕಿನಲ್ಲಿ ಇಟ್ಟಿದ್ದನ್ನು ತೆಗೆದು ಇದರಲ್ಲಿ ಹಾಕಿದ್ದಾಳೆ. ಹಳೆಯ ‘ಗೋಪಮ್ಮ’ನ ಮೇಲಿನ ಸಾಲಿನಲ್ಲಿ ಹೊಸದಾಗಿ ‘ಅವ್ವಗ’ ಎಂದು ಹೊಡೆಸಿದ್ದಾಳೆ.

ಯಮನಮ್ಮನಿಗೆಂದು ಹೊಡೆಸಿದ್ದು, ಅವಸರದಲ್ಲಿ ಪೆಟ್ಟಿಗೆ ತಪ್ಪಿದೆ ಎಂದುಕೊಂಡೆ. ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸೋಣ ಎಂದು ಬಟ್ಟೆಯಲ್ಲಿ ಸುತ್ತಿ ಹೊರಟೆ. ದಾರಿಯಲ್ಲಿ ಖಾಜಾಮಿಯಾ ಕರೆದ. “ನರ್ಸಬಾಯಿ, ನಿಮ್ಮ ಕೂಸಿನ ಚಿಲ್ಲರೆ ಉಳದದ,” ಎಂದು ಒಂದು ಸಣ್ಣ ನಾಣ್ಯ ಕೈಯಲ್ಲಿಟ್ಟ. ರೈಲ್ವೆ ಸ್ಟೇಷನ್ನಿನಲ್ಲಿ ನೀವು ಅವಳಿಗೆ ಕೊಟ್ಟು ಹೋಗಿದ್ದ ದುಡ್ಡು ತೆಗೆದುಕೊಂಡು, ಊರಿಗೆ ಹೋಗುವ ಹಿಂದಿನ ದಿನ ಒಬ್ಬಳೇ ಬಂದಿದ್ದಳಂತೆ.

“ಕಾಗದದಾಗ ‘ದೊಡ್ಡವ್ವಗ’ ಅಂತ ಬರಕೊಂಡು ಬಂದಿದ್ಳು. ರೊಕ್ಕಾನೂ ಅಷ್ಟಕ್ಕ ಸರಿಯಾಗಿ ತಂದಿದ್ಳು. ನಾ ಉಳಿ ತಗೊಂಡೆ. ಆಗ ತಡಿ ಅಂದ್ಳು, ದೊಡ್ಡ ತಗಿ, ಬರೇ ಅವ್ವಗ ಅಂತ ಹೊಡಿ ಅಂದ್ಳು. ದೇವದುರ್ಗದ ಅವ್ವಗೇನಬೇ ಅಂದೆ. ಅಲ್ಲ, ಆಫ್ರಿಕಾಕ್ಕ ಹೋಗಾಕಿಗೆ ಅಂದ್ಳು. ಒಂದಕ್ಷರ ಕಡಿಮಿ ಆತು. ಆ ರೊಕ್ಕ ಇದು.”

ನಾನು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ತಾಟನ್ನು ಪೆಟ್ಟಿಗೆಗೂ ಹಾಕಿಲ್ಲ, ಹಡಗನ್ನು ನಾನು ಅಷ್ಟು ನಂಬುವುದಿಲ್ಲ. ನನ್ನ ಕೈಚೀಲದಲ್ಲಿ ಬರುತ್ತದೆ. ಈ ವಿಷಯ ಯಮನಮ್ಮನಿಗೆ ಬರೆಯಬೇಡಿ. ಒಂಬತ್ತು ವರ್ಷ ಅದೊಂದು ಮಾತಿಗೆ ನಾನು ಆಸೆಪಟ್ಟಿದ್ದೆ, ನಿಮಗೂ ಹೇಳಿರಲಿಲ್ಲ. ಅವಳು ನನ್ನನ್ನು ಅವ್ವ ಎಂದದ್ದನ್ನು ಕಿವಿಯಾರೆ ಕೇಳಿದವನು ಖಾಜಾಮಿಯಾ ಒಬ್ಬನೇ. ನಾನು ಓದಿದ್ದೇನೆ, ಅಷ್ಟೆ.