ಅರ್ಧರ್ಧ ಮಾತ್ರೆ

ಮನೆಯಿಂದ, ಅಡುಗೆಮನೆಯ ಮೇಜು
ಶುಕ್ರವಾರ ಮಧ್ಯಾಹ್ನ, ಮಾರ್ಚ್ ೭

ಪ್ರೀತಿಯ ‘ರೀ’ ಅವರಿಗೆ,

ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ನಿಮ್ಮನ್ನ ಕಾಗದದಲ್ಲಿ ಏನಂತ ಕರೀಬೇಕು ಅಂತ ಗೊತ್ತಾಗಲಿಲ್ಲ ನೋಡಿ. ಬಾಯಲ್ಲಿ ಕರೆಯೋದನ್ನೇ ಬರೆದಿದೀನಿ. ಹೇಗಿದೀರಿ? ಮಂಡಿ ನೋವು ಹೇಗಿದೆ? ಇಂಜಿನ್ ರೂಮಿನ ಆ ಕಬ್ಬಿಣದ ಏಣಿ ಹತ್ತಿ ಇಳಿಯೋವಾಗ ಮಂಡಿಗೆ ಪಟ್ಟಿ ಕಟ್ಕೊಳ್ತೀರೋ, ಇಲ್ಲ ನಾನು ಮಡಿಸಿಟ್ಟ ಹಾಗೇ ಪೆಟ್ಟಿಗೆಯಲ್ಲಿ ಬಿದ್ದಿದೆಯೋ? ಸುಳ್ಳು ಹೇಳಬೇಡಿ. ಕಿವಿಗೂ ಏನಾದರೂ ಇಟ್ಕೊಳ್ಳಿ. ಹೋದ ಸಲ ರಜಕ್ಕೆ ಬಂದಾಗ ನೀವು ಟಿವಿ ಹಾಕಿದ್ರೆ ಮೇಲಿನ ಮನೆಯವರು ಬೇರೆ ಹಾಕ್ಕೊಳ್ಳೋದೇ ಬೇಕಾಗಿರಲಿಲ್ಲ. ಇಲ್ಲಿ ನಿಮ್ಮ ಅಕ್ಕ ಚೆನ್ನಾಗಿದಾರೆ. ನನ್ನನ್ನ ನೋಡ್ಕೊಳ್ಳೋಕೆ ಅಂತ ಬಂದವರು ಬಂದ ದಿನವೇ ಡಬ್ಬಗಳ ಜಾಗ ಎಲ್ಲ ಬದಲಾಯಿಸಿಬಿಟ್ಟರು. ನನ್ನ ಮನೇಲಿ ಸಕ್ಕರೆ ಹುಡುಕೋಕೆ ನನಗೀಗ ಅವರ ಅಪ್ಪಣೆ ಬೇಕು. ಆದ್ರೂ ಅವರಿಲ್ಲದಿದ್ರೆ ನನ್ನ ಗತಿ ನಾಯಿಪಾಡಾಗ್ತಿತ್ತು, ಅದನ್ನೂ ಹೇಳಬೇಕು.

ಫೋನಲ್ಲಿ ಹೇಳೋದು ಬಿಟ್ಟು ಕಾಗದ ಯಾಕೆ ಅಂತೀರಿ. ನಿಮ್ಮ ಹಡಗಿನ ಫೋನು ಫೋನೇ ಅಲ್ಲ ರೀ. ನಾನು ಹೇಳಿದ ಮಾತು ಎಲ್ಲೆಲ್ಲೋ ಸುತ್ತಿ ನಿಮ್ಮನ್ನ ಮುಟ್ಟೋ ಹೊತ್ತಿಗೆ ನೀವು ಇನ್ನೊಂದೇನೋ ಕೇಳಿರ್ತೀರಿ. ನಿಮ್ಮ ಬೆನ್ನ ಹಿಂದೆ ಸಾಲಲ್ಲಿ ನಿಂತವರು ಕೆಮ್ಮೋದು ನನಗಿಲ್ಲಿ ಕೇಳಿಸುತ್ತೆ. ಅಷ್ಟು ಗಂಡಸರ ಮುಂದೆ, ಎದೆಯಲ್ಲಿದ್ದ ಕ್ಯಾನ್ಸರು ಈಗ ಲಿವರ್ ತುಂಬ ಇದೆ ಅಂತ ಹೇಗೆ ಹೇಳಲಿ? ‘ಚೆನ್ನಾಗಿದೀನಿ’ ಅಂತೀನಿ. ‘ನಿಜವಾಗ್ಲೂ?’ ಅಂತೀರಿ. ‘ಹೂಂ ರೀ, ಇಡಿ ಫೋನು’ ಅಂತೀನಿ. ಅಯ್ಯೋ, ಸುತ್ತಿ ಬಳಸಿ ಬರೆಯೋಣ ಅಂತಿದ್ದೆ, ತಾನಾಗೇ ಬಂದುಬಿಡ್ತು. ನೀವು ಹೊರಡೋ ಮುಂಚೆ ತೆಗೆದ ಸ್ಕ್ಯಾನಲ್ಲಿ ಗಡ್ಡೆಗಳು ಕುಗ್ಗಿದ್ದವಲ್ಲ, ಆ ಖುಷಿಗೆ ತಾನೇ ನಾನು ನಿಮ್ಮನ್ನ ಅಟ್ಟಿದ್ದು, ಅವೇ ಈಗ ಮೊದಲಿಗಿಂತ ದೊಡ್ಡದಾಗಿವೆ. ಹೊಸವೂ ಬಂದಿವೆ. ಸಂಶೋಧನೆಯ ಮಾತ್ರೆ ನಿಲ್ಲಿಸಿದಾರೆ. ನಿಂತುಕೊಂಡು ಓದ್ತಿದ್ರೆ ಕೂತ್ಕೊಳ್ಳಿ. ಯಾಕೆ ಹೀಗಾಯ್ತು ಅನ್ನೋದು ಇನ್ನೂ ಹೇಳೋದಿದೆ.

ಆ ಸಂಶೋಧನೆಗೆ ಸೇರೋ ದಿನ ನೀವೂ ಪಕ್ಕದಲ್ಲೇ ಇದ್ರಿ. ನರ್ಸಮ್ಮ ಎಷ್ಟು ತಾಳ್ಮೆಯಿಂದ ಹೇಳಿದ್ಲು. ಮಾಮೂಲಿ ಇಂಜೆಕ್ಷನ್ ಎಲ್ಲರಿಗೂ ಇದ್ದೇ ಇದೆ. ಅದರ ಜೊತೆಗೆ ಅರ್ಧ ಜನ ಹೆಂಗಸರಿಗೆ ಹೊಸ ಔಷಧಿಯ ಮಾತ್ರೆ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ, ಒಳಗೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ‘ಹಾಗಾದ್ರೆ ಯಾರಿಗಮ್ಮಾ ಗೊತ್ತು?’ ಅಂತ ನೀವು ಕೇಳಿದ್ದಕ್ಕೆ, ಬೀಗ ಹಾಕಿಟ್ಟ ಒಂದು ಕಂಪ್ಯೂಟರಿಗೆ ಅಂತ ನಕ್ಕಳು. ಬರೋ ದಾರೀಲಿ ನಾನೇನಂದೆ ಗೊತ್ತಲ್ಲ? ಇಷ್ಟು ವರ್ಷ ಜನಕ್ಕೆ ಕಾರು ಕಲಿಸಿದೀನಿ, ಡ್ರೈವರೂ ಕಣ್ಣು ಕಟ್ಕೊಂಡು ಪಕ್ಕದಲ್ಲಿ ಕೂತವಳೂ ಕಣ್ಣು ಕಟ್ಕೊಂಡು ಹೋಗೋ ಗಾಡಿ ಇದೇ ಮೊದಲು ನೋಡಿದ್ದು ಅಂದೆ. ನೀವು ನಕ್ಕಿರಿ. ನಗೋ ಸ್ಥಿತೀಲಿ ಇದ್ವಿ ಆಗ.

ಅಲ್ಲೇ ನನಗೆ ಬೈಂಡರಮ್ಮ ಸಿಕ್ಕಿದ್ದು. ಫೋನಲ್ಲಿ ಒಂದೆರಡು ಸಲ ಅವಳ ಸುದ್ದಿ ಎತ್ತಿದ್ದೆ, ನೀವು ಯಾರೋ ಅಂಗಡಿಯವಳು ಅಂದುಕೊಂಡಿರಿ. ಅವಳು ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕೋ ಕೆಲಸದವಳು. ತೂಕ ನೋಡೋ ಯಂತ್ರದ ಮುಂದೆ ಸಾಲಲ್ಲಿ ನಿಂತಿದ್ದಾಗ ‘ಚಪ್ಪಲಿ ಬಿಟ್ಟು ಹತ್ತಿ, ಇರೋ ತೂಕಾನೇ ಸಾಕು, ಚಪ್ಪಲಿದು ಬೇರೆ ಯಾಕೆ’ ಅಂದ್ಲು. ಅವತ್ತಿಂದ ಜೊತೆ. ಗಂಡ ಇಲ್ಲ, ಮಕ್ಕಳಿಲ್ಲ, ಒಬ್ಬ ತಮ್ಮ ಇದಾನೆ, ಇದ್ದೂ ಇಲ್ಲದ ಹಾಗೆ. ಬೆರಳ ತುದಿ ಎಲ್ಲ ಅಂಟು ಒಣಗಿ ಬಿಳಿಬಿಳಿ. ಮಾತು ಮಾತ್ರ ನನಗಿಂತ ಜೋರು, ಅಂದ್ರೆ ನೀವೇ ಊಹಿಸಿಕೊಳ್ಳಿ. ಇಂಜೆಕ್ಷನ್ ಮುಗಿಸಿ ಇಬ್ಬರೂ ಆಸ್ಪತ್ರೆ ಕ್ಯಾಂಟೀನ್ ಹಿಂದಿನ ಕಲ್ಲು ಬೆಂಚಿನ ಮೇಲೆ ಕೂತು ಹೋಗೋ ಬರೋರನ್ನೆಲ್ಲ ಆಡಿಕೊಂಡು ನಗ್ತಿದ್ವಿ.

ಮಾತ್ರೆ ಶುರುವಾದ ಮೇಲೆ ನನಗೆ ಬಾಯಿ ತುಂಬ ಹುಣ್ಣು, ಹೊಟ್ಟೆ ನಿಲ್ತಿರಲಿಲ್ಲ, ನೀವೇ ನೋಡಿದೀರಿ. ಅವಳಿಗೆ ಒಂದು ಹುಣ್ಣೂ ಇಲ್ಲ, ಕಲ್ಲು ತಿಂದು ಕರಗಿಸ್ಕೊಳ್ಳೋ ಹಾಗಿದ್ಲು. ನೀವು ಹೋದ ಮೇಲೆ ಒಂದು ದಿನ ಅವಳ ಸ್ಕ್ಯಾನ್ ಬಂತು, ಗಡ್ಡೆ ಕುಗ್ಗಿರಲಿಲ್ಲ. ಬೆಂಚಿನ ಮೇಲೆ ಕೂತು ‘ನಂದು ಬರೀ ಸುಣ್ಣದ ಮಾತ್ರೆ ಕಣೇ, ನಿಂದು ಅಸಲಿ’ ಅಂದ್ಲು. ಅಳಲಿಲ್ಲ. ಅತ್ತಿದ್ರೆ ಸಮಾಧಾನ ಹೇಳಿ ಎದ್ದು ಬರ್ತಿದ್ನೇನೋ. ತನ್ನ ಮಾತ್ರೆ ಬಾಟಲಿ ಅಲ್ಲಾಡಿಸಿ ಸದ್ದು ಕೇಳ್ತಾ ಕೂತಿದ್ಲು. ನನ್ನ ಕೆಲಸ ನಿಮಗೆ ಗೊತ್ತು ರೀ. ಸ್ಟೇರಿಂಗ್ ಇನ್ನೊಬ್ಬರ ಕೈಲಿದ್ರೂ ನನ್ನ ಕಾಲ ಕೆಳಗೆ ಒಂದು ಬ್ರೇಕ್ ಇರುತ್ತೆ. ಎದುರಿಗೆ ಗೋಡೆ ಬರ್ತಿದ್ರೆ ನೋಡ್ತಾ ಕೂತಿರೋದು ನನ್ನಿಂದಾಗಲ್ಲ. ‘ಹಂಚ್ಕೊಳ್ಳೋಣ’ ಅಂದೆ. ನಾನೇ ಅಂದಿದ್ದು. ಅವಳು ಬೇಡ ಅಂದ್ಲು, ಹುಚ್ಚು ಹಿಡಿದಿದೆಯಾ ಅಂದ್ಲು, ಆಮೇಲೆ ನನ್ನ ಮುಖ ನೋಡಿದ್ಲು. ಆ ನೋಟಕ್ಕೆ ಇಲ್ಲ ಅನ್ನೋಕೆ ನೀವಿದ್ರೂ ಆಗ್ತಿರಲಿಲ್ಲ.

ಎಷ್ಟು ಜಾಣತನ ಅಂತೀರಿ! ನನ್ನ ಬಾಟಲಿಯಿಂದ ಒಂದು, ಅವಳ ಬಾಟಲಿಯಿಂದ ಒಂದು, ರಟ್ಟು ಕತ್ತರಿಸೋ ಅವಳ ಚಾಕು ತಗೊಂಡು ನಡುಮಧ್ಯಕ್ಕೆ ಇಟ್ಟು ಟಪ್ ಅನ್ನಿಸ್ತಿದ್ಲು. ವಾರಕ್ಕಾಗೋವಷ್ಟು ಒಂದೇ ಸಲ ಕತ್ತರಿಸಿ ಚೀಟಿಯಲ್ಲಿ ಸುತ್ತಿಡ್ತಿದ್ವಿ. ದಿನಾ ಇಬ್ಬರಿಗೂ ನನ್ನದರಲ್ಲಿ ಅರ್ಧ, ಅವಳದರಲ್ಲಿ ಅರ್ಧ. ಒಂದು ಸಲ ಅರ್ಧ ಮಾತ್ರೆ ಹಾರಿ ಬೆಂಚಿನ ಕೆಳಗೆ ಹೋಯ್ತು. ಇಬ್ಬರೂ ಮಂಡಿಯೂರಿ ಹುಡುಕ್ತಿದ್ರೆ ಕ್ಯಾಂಟೀನಿನವನು ಬಂದು ‘ಏನಮ್ಮ ಕಳಕೊಂಡ್ರಿ, ಓಲೆನಾ?’ ಅಂದ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ. ತಿಂಗಳ ಕೊನೆಗೆ ಬಾಟಲಿ ವಾಪಸ್ ಕೊಡಬೇಕಿತ್ತು, ಉಳಿದ ಮಾತ್ರೆ ಎಣಿಸೋಕೆ. ಉಳೀತಿದ್ರೆ ತಾನೇ! ನರ್ಸಮ್ಮ ಪಾಪ, ‘ಒಂದು ಮಾತ್ರೇನೂ ತಪ್ಪಿಸದವರು ಅಂದ್ರೆ ನೀವಿಬ್ಬರೇ’ ಅಂತ ಬೇರೆ ಹೆಂಗಸರಿಗೆ ನಮ್ಮನ್ನ ತೋರಿಸ್ತಿದ್ಲು. ನನ್ನ ಬಾಯಿ ಹುಣ್ಣು ಕಡಿಮೆಯಾಯ್ತು. ಒಗ್ಗಿತು ಅಂದುಕೊಂಡೆ. ಹೊಟ್ಟೆ ತುಂಬ ಊಟ ಮಾಡ್ತಿದೀನಿ ಅಂತ ನಿಮಗೆ ಫೋನಲ್ಲಿ ಹೇಳಿದ್ನಲ್ಲ, ಆ ದಿನಗಳವು.

ಮುಂದಿನ ಸ್ಕ್ಯಾನು ಇಬ್ಬರದೂ ಒಂದೇ ವಾರ ಬಂತು, ಇಬ್ಬರದೂ ಕೆಟ್ಟದಾಗೇ ಬಂತು. ಡಾಕ್ಟರಮ್ಮ ನನ್ನ ಹಳೇ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ‘ಇಷ್ಟು ಚೆನ್ನಾಗಿ ಶುರುವಾಗಿ ಇಷ್ಟು ಬೇಗ ತಿರುಗಿದ್ದು ಯಾಕೆ ಅಂತ ತಿಳೀತಿಲ್ಲ’ ಅಂತ ತಾವೇ ತಪ್ಪು ಮಾಡಿದವರ ಹಾಗೆ ಪೆಚ್ಚಾಗಿ ಕೂತ್ರು. ನನಗೆ ತಡೆಯೋಕಾಗಲಿಲ್ಲ, ಬಾಯಿಬಿಟ್ಟೆ. ನರ್ಸಮ್ಮ ಕೈಲಿದ್ದ ಪೆನ್ನು ಕೆಳಗಿಟ್ಟು ಗೋಡೆ ಕಡೆ ತಿರುಗಿ ನಿಂತ್ಲು. ಆಮೇಲೆ ‘ಅಕ್ಕಾ, ನೀವಿಬ್ಬರೂ ಸೇರಿ ಯಾರನ್ನ ಉಳಿಸಿದ್ರಿ?’ ಅಂದ್ಲು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. ಮುಂದೆ ಯಾವ ಔಷಧಿ ಕೊಡಬೇಕು ಅಂತ ತೀರ್ಮಾನ ಮಾಡೋಕೆ ಆ ಕಂಪ್ಯೂಟರಿನ ಬೀಗ ತೆಗೆಸಿದ್ರು. ಬೈಂಡರಮ್ಮ ಸರಿಯಾಗೇ ಹೇಳಿದ್ಲು. ನಂದು ಅಸಲಿ, ಅವಳದು ಸುಣ್ಣ.

ಈಗ ಪೂರ್ತಿ ಮಾತ್ರೆ ತಗೊಂಡ್ರೆ ಆಗಲ್ವಾ ಅಂತ ಕೇಳಿದೆ. ಅರ್ಧ ಔಷಧಿ ತಿಂದು ತಿಂದು ಗಡ್ಡೆ ಅದಕ್ಕೆ ಪಳಗಿಬಿಟ್ಟಿರಬಹುದು, ಪೂರ್ತಿ ತಗೊಂಡಿದ್ರೂ ಹೀಗೇ ಆಗ್ತಿತ್ತೋ ಏನೋ, ಯಾರಿಗೂ ಹೇಳೋಕಾಗಲ್ಲ ಅಂದ್ರು. ಹೋಗಲಿ, ನಮ್ಮಿಬ್ಬರನ್ನ ಲೆಕ್ಕದಿಂದ ತೆಗೆದುಹಾಕಿ, ಔಷಧಿಗೆ ಕೆಟ್ಟ ಹೆಸರು ಬರೋದು ಬೇಡ ಅಂದೆ. ಅದೂ ಆಗಲ್ಲವಂತೆ. ಯಾರು ಯಾವ ಗುಂಪಿಗೆ ಸೇರಿದ್ರೋ ಕೊನೇವರೆಗೂ ಆ ಗುಂಪಲ್ಲೇ ಲೆಕ್ಕವಂತೆ. ಅಂದ್ರೆ ಆ ಮಾತ್ರೆ ನಿಜವಾಗಿ ಒಳ್ಳೇದಿದ್ರೂ ನನ್ನ ಸಾವು ಅದರ ವಿರುದ್ಧವೇ ಸಾಕ್ಷಿ ಹೇಳುತ್ತೆ. ನಾಳೆ ಯಾವಳೋ ಒಬ್ಬಳಿಗೆ ಬೇಕಾಗೋ ಔಷಧಿ ರೀ ಅದು. ಆಮೇಲೆ ಬೇರೆ ಔಷಧಿ ಏರಿಸಿದ್ರು, ಜ್ವರ ಬಂತು, ರಕ್ತದಲ್ಲಿ ಇರಬೇಕಾದ್ದೆಲ್ಲ ಇಳೀತು, ನಿಲ್ಲಿಸಿದ್ರು. ಈಗ ನೋವಿಗೆ ಕೊಡ್ತಾರೆ, ಅಷ್ಟೇ.

ಬೈಂಡರಮ್ಮ ಹೋದ ತಿಂಗಳು ಹೋಗಿಬಿಟ್ಲು. ಕೊನೇ ಸಲ ನೋಡೋಕೆ ಹೋದಾಗ ಕೈ ಹಿಡಿದು ‘ಬೀಗ ತೆಗೆಸಿದ್ರಂತಲ್ಲೇ, ಯಾರದು ಅಸಲಿ?’ ಅಂತ ಕೇಳಿದ್ಲು. ‘ಇಬ್ಬರದೂ ಅಸಲಿಯಂತೆ’ ಅಂದೆ. ಕಣ್ಣು ಮುಚ್ಚಿಕೊಂಡೇ ನಕ್ಕು ‘ಥೂ, ಹಾಗಾದ್ರೆ ಕತ್ತರಿಸಿದ್ದೆಲ್ಲ ದಂಡ’ ಅಂದ್ಲು. ಹಗುರಾದ್ಲು ಅನ್ನಿಸ್ತು. ನನಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಫೋನಲ್ಲಿ ನಿಮ್ಮ ಹತ್ತಿರ ಚೆನ್ನಾಗಿ ಅಭ್ಯಾಸ ಆಗಿತ್ತಲ್ಲ.

ನಾನೇನೋ ದೊಡ್ಡ ತ್ಯಾಗಿ ಅಂತ ತಿಳ್ಕೋಬೇಡಿ. ಹೊಟ್ಟೆ ಉರಿಯುತ್ತೆ ರೀ. ಕೆಲವು ದಿನ ಬೆಳಗ್ಗೆ ಸತ್ತವಳ ಮೇಲೇ ಸಿಟ್ಟು ಬರುತ್ತೆ, ಯಾಕೆ ಇನ್ನೂ ಗಟ್ಟಿಯಾಗಿ ಬೇಡ ಅನ್ನಲಿಲ್ಲ ನೀನು ಅಂತ. ಆಮೇಲೆ ಆ ಬೆಂಚು ನೆನಪಾಗುತ್ತೆ, ಸಿಟ್ಟು ಇಳಿಯುತ್ತೆ, ಉರಿ ಇಳಿಯಲ್ಲ. ಮೊದಲ ಸಲ ಆಪರೇಷನ್ ಆಗಿ ವಾಸಿಯಾದಾಗ ಆಸ್ಪತ್ರೆಯವರು ನನ್ನನ್ನ ವೇದಿಕೆ ಹತ್ತಿಸಿ ಗೆದ್ದು ಬಂದವಳು ಅಂತ ಚಪ್ಪಾಳೆ ಹೊಡೆಸಿದ್ರಲ್ಲ, ನೀವು ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದ್ರಿ. ಆ ಫೋಟೋನ ನಿಮ್ಮ ಅಕ್ಕ ಒರೆಸಿ ಒರೆಸಿ ಇಡ್ತಾರೆ, ನಾನು ತಿರುಗಿಸಿ ತಿರುಗಿಸಿ ಇಡ್ತೀನಿ. ಎಡಗೈ ಊದಿಕೊಂಡಿದೆ, ಗೇರ್ ಹಾಕೋಕಾಗಲ್ಲ. ಕಾರನ್ನ ಪಕ್ಕದ ಬೀದಿ ಡ್ರೈವಿಂಗ್ ಸ್ಕೂಲಿನವನಿಗೆ ಕೊಟ್ಟುಬಿಟ್ಟೆ. ನನ್ನ ಕಡೆಯ ಬ್ರೇಕು ಸವೆದಿರೋದು ನೋಡಿ ‘ಏನಮ್ಮ, ಕಲಿಯೋರಿಗಿಂತ ನೀವೇ ಜಾಸ್ತಿ ಒತ್ತಿದೀರಿ’ ಅಂದ.

ನೀವು ಗಾಬರಿ ಬಿದ್ದು ಕೆಲಸ ಬಿಟ್ಟು ಓಡಿ ಬರಬೇಡಿ. ಅಕ್ಟೋಬರಿಗೆ ನಿಮ್ಮ ಕರಾರು ಮುಗಿಯುತ್ತೆ, ಮುಗಿಸಿಕೊಂಡೇ ಬನ್ನಿ. ಬಂದು ತಾನೇ ಏನು ಮಾಡ್ತೀರಿ, ನನ್ನ ಮುಖ ನೋಡ್ತಾ ಕೂತಿರ್ತೀರಿ, ನನಗೆ ಬೇರೆ ಕಿರಿಕಿರಿ. ನಿಮ್ಮ ಅಕ್ಕ ಇದಾರೆ, ನರ್ಸಮ್ಮ ವಾರಕ್ಕೊಂದು ಸಲ ಬಂದು ಹೋಗ್ತಾಳೆ, ಕೋಪ ಇಳಿದಿದೆ. ಹೊತ್ತಿಗೆ ಸರಿಯಾಗಿ ತಿನ್ನಿ. ಒದ್ದೆ ಸಾಕ್ಸ್ ಹಾಕ್ಕೊಂಡು ಮಲಗಬೇಡಿ. ನಿಮ್ಮ ಜೊತೆಯವರಿಗೆಲ್ಲ ನನ್ನ ನೆನಪು ಹೇಳಿ, ಫೋನ್ ಸಾಲಲ್ಲಿ ಕೆಮ್ಮೋರಿಗೂ ಹೇಳಿ. ಅಕ್ಕ ನಿಮಗೆ ಆಶೀರ್ವಾದ ಹೇಳಿದಾರೆ. ನೀರು, ಗಾಳಿ, ಬೆಂಕಿ ಎಲ್ಲ ನಿಮ್ಮನ್ನ ಕಾಪಾಡಲಿ.

ನೀವು ಕರೆಯೋ ಹಾಗೆ,
ನಿಮ್ಮ ‘ಲೇ’

ಮರೆತಿದ್ದು: ಮರೆತಿರಲಿಲ್ಲ, ಬರೆಯೋಕೆ ಕೈ ಬಂದಿರಲಿಲ್ಲ. ಅಕ್ಕ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದಾರೆ, ಅಂಚೆಗೆ ಹಾಕೋಕೆ, ಬೇಗ ಬೇಗ ಅಂತಿದಾರೆ. ಮೇಲೆ ಬರಬೇಡಿ ಅಂತ ಬರೆದಿದ್ದನ್ನ ಹೊಡೆದುಹಾಕೋಕೆ ಪುರುಸೊತ್ತಿಲ್ಲ, ಓದಿಲ್ಲ ಅಂದುಕೊಳ್ಳಿ. ಅಕ್ಟೋಬರಿಗೆ ನಾನಿರಲ್ಲ ರೀ. ಈ ಬೇಸಿಗೆ ದಾಟಿದ್ರೆ ಹೆಚ್ಚು ಅಂದಿದಾರೆ ಡಾಕ್ಟರಮ್ಮ. ಈ ಕಾಗದ ನಿಮ್ಮ ಹಡಗು ಕಂಪನಿ ಏಜೆಂಟನ ಚೀಲ ಸೇರಿ ಯಾವ ಬಂದರಲ್ಲಿ ನಿಮ್ಮ ಕೈಗೆ ಸಿಗುತ್ತೋ, ಅಲ್ಲೇ ಇಳಿದುಬಿಡಿ. ನನಗೆ ಭಯ ಆಗುತ್ತೆ. ಭಾನುವಾರ ಫೋನ್ ಮಾಡ್ತೀರಿ, ನಾನು ಚೆನ್ನಾಗಿದೀನಿ ಅಂತೀನಿ, ಬರಬೇಡಿ ಅಂತಾನೂ ಅಂತೀನಿ. ನಂಬಬೇಡಿ. ಬನ್ನಿ.