ವರ್ಷತೊಡಕಿನ ಈಲಿ ಮತ್ತು ನಿಮ್ಮ ಗೇಟಿನ ಲಾಠಿ

ಮಾನ್ಯ ಅರಣ್ಯಾಧಿಕಾರಿಗಳೇ,

ಕುರಿಯ ಈಲಿಯನ್ನು ಜಿಂಕೆಯ ಮಾಂಸವೆಂದು ತೀರ್ಮಾನಿಸಿ, ನನ್ನ ಸೋದರಮಾವ ಸೋಮಯ್ಯನವರ ಎಡಗಿವಿ ಕಿವುಡಾಗುವಂತೆ ಹೊಡೆದು, ಅದೂ ಸಾಲದೆಂದು ಅವರ ಮೇಲೆ ಬೇಟೆಯ ಕೇಸು ಜಡಿದಿರುವ ನಿಮ್ಮ ಕಚೇರಿಗೆ ಇದನ್ನು ಬರೆಯುತ್ತಿದ್ದೇನೆ. ಹಿಂದೆ ಕೊಟ್ಟ ಮನವಿಗಳಿಗೆ ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ. ತಾವು ಓದದಿದ್ದರೂ ತಮ್ಮ ಮನೆಯವರಾದರೂ ಓದಲಿ.

ನಾನು ಭೇರ್ಯದವಳು, ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತೇನೆ. ಪ್ರಾಣಿಯ ಮೈಗೆ ವಿಷ ಹೊಕ್ಕರೆ ಅದನ್ನು ಕಳೆಯಲು ಈಲಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ಒಂದು ಕಿಣ್ವ ಹೆಚ್ಚುತ್ತದೆ. ಆ ಕಿಣ್ವವನ್ನು ಹಿಡಿಯುವ ಪ್ರತಿಕಾಯವೊಂದನ್ನು ನಾವು ಇಲಿಯ ಜೀವಕೋಶದಿಂದ ಬೆಳೆಸಿದ್ದೇವೆ. ಒಂದೇ ಕೋಶದ ಸಂತತಿಯಿಂದ ಬಂದದ್ದರಿಂದ ಅದನ್ನು ಮೊನೊಕ್ಲೋನಲ್ ಎನ್ನುತ್ತಾರೆ. ಈಲಿಯ ರಸವನ್ನು ಕಾಗದಕ್ಕೆ ತೊಟ್ಟಿಕ್ಕಿಸಿ ಇದನ್ನು ಹಾಕಿ, ಬಣ್ಣ ಬರಿಸಿದರೆ, ಕಿಣ್ವ ಎಷ್ಟು ಹೆಚ್ಚಿದೆಯೋ ಕಲೆ ಅಷ್ಟು ಕಪ್ಪಾಗುತ್ತದೆ. ಸಾವಿರ ಪದಾರ್ಥಗಳ ನಡುವೆ ತನಗೆ ಬೇಕಾದ ಒಂದನ್ನೇ ಹಿಡಿದು ಮಿಕ್ಕವನ್ನು ಮುಟ್ಟದೆ ಬಿಡುವ ಗುಣ ಅದರದು. ಅದನ್ನು ಪಡೆಯಲು ನಮಗೆ ವರ್ಷಗಳೇ ಹಿಡಿದವು. ನಿಮ್ಮ ಗೇಟಿನ ಲಾಠಿಗೆ ಈ ತಾಪತ್ರಯವೇ ಇಲ್ಲ, ಎದುರಿಗೆ ಯಾರು ಸಿಕ್ಕರೂ ಅವರೇ ಅಪರಾಧಿ.

ಅಂತರಸಂತೆಯಿಂದಾಚೆ, ಮಾವನ ಹಳ್ಳಿಯಲ್ಲಿ, ಹತ್ತಿ ಬಿಡಿಸಿದ ಹೊಲಗಳಿಗೆ ಕುರಿ ಬಿಡುತ್ತಾರೆ. ಈ ವರ್ಷ ಔಷಧಿ ಹೊಡೆದ ಎಲೆ ಮೇಯ್ದು ಕೆಲವು ಕುರಿಗಳು ನೊರೆ ಕಾರಿ ಸತ್ತವು. ಉಳಿದವುಗಳಲ್ಲಿ ಕೆಲವನ್ನು ಯುಗಾದಿಯ ಮಾರನೆಯ ದಿನ ವರ್ಷತೊಡಕಿಗೆ ಕೊಯ್ಯುವುದಿತ್ತು. ಗುಡ್ಡೆಬಾಡು ತಮಗೂ ಗೊತ್ತಿರಬಹುದು. ನಾಲ್ಕಾರು ಮನೆಯವರು ಸೇರಿ ಕುರಿ ಕೊಯ್ದು, ಮಾಂಸ, ಮೂಳೆ, ಈಲಿ ಎಲ್ಲರಿಗೂ ಸಮನಾಗಿ ಬರುವಂತೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಈಲಿಯನ್ನು ಕೆಂಡದಲ್ಲಿ ಸುಟ್ಟು ಮೊದಲು ಮಕ್ಕಳ ಕೈಗೆ ಕೊಡುತ್ತಾರೆ. ಈ ಸಲ ಮಕ್ಕಳಿಗೆ ಕೊಡುವುದು ಬೇಡ, ಪರೀಕ್ಷೆಗೆ ಕೊಡೋಣ, ಕಲೆ ಕಪ್ಪಾದರೆ ಮಂದೆಯ ಮಿಕ್ಕ ಕುರಿಗಳನ್ನು ಕೊಯ್ಯುವುದೇ ಬೇಡ ಎಂದು ಮಾವ ಊರನ್ನು ಒಪ್ಪಿಸಿದ್ದರು.

ಕುರಿಗೊಂದರಂತೆ ಸಣ್ಣ ಸೀಸೆಗಳನ್ನು ನಾನು ಕಳಿಸಿದ್ದೆ. ಆದರೆ ಗುಡ್ಡೆ ಹಂಚಿದ ಮೇಲೆ ಪಕ್ಕದ ಮನೆಯ ಚೆಲುವಮ್ಮ ತಮ್ಮ ಪಾಲಿನ ಈಲಿ ಹಿಡಿದು ಬಂದರು. "ಕುರೀದು ನೋಡುದ್ರೆ ಸಾಕಾ ಸೋಮಣ್ಣ, ನಮ್ ಗುಡ್ಡೇದೂ ನೋಡ್ಸು. ನನ್ ಮೊಮ್ಮಗ ತಿನ್ನಾದು ಇದ್ನೇ ಕಣಪ್ಪ" ಅಂದರು. ಅವರನ್ನು ನೋಡಿ ಮನೆಮನೆಯವರೂ ತಂದರು. ಒಂದು ಕುರಿಗೆ ಒಂದು ತುಂಡು ಸಾಕು ಎಂದು ಹೇಳಬಹುದಿತ್ತು. ನಂಬಿ ಕೊಟ್ಟದ್ದನ್ನು ಬೇಡ ಅನ್ನುವುದು ಮಾವನಿಗೆ ಬರುವುದಿಲ್ಲ. ಸೀಸೆ ಮುಗಿದ ಮೇಲೆ ಮಿಕ್ಕಿದ್ದನ್ನೆಲ್ಲ ಮುತ್ತುಗದ ಎಲೆಯಲ್ಲಿ ಕಟ್ಟಿ, ಐಸು ತುಂಬಿದ ಡಬ್ಬದಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಕಾಡಿನಲ್ಲಿ ಜಿಂಕೆ ಹೊಡೆದವರೂ ಹೀಗೇ ಎಲೆಯಲ್ಲಿ ಪಾಲು ಕಟ್ಟುತ್ತಾರಂತೆ. ಕಾಡಂಚಿನ ಗೇಟಿನಲ್ಲಿ ಬಸ್ಸು ತಡೆದು ಡಬ್ಬ ತೆರೆಸಿದ ನಿಮ್ಮ ಗಾರ್ಡುಗಳಿಗೆ ಅನುಮಾನ ಬಂದದ್ದು ತಪ್ಪಲ್ಲ. ಅನುಮಾನ ಬಂದರೆ ಕೇಳಬೇಕು, ಅಲ್ಲವೇ? ಮಾವ ತಾವಾಗಿಯೇ ಹೇಳಿದರು: "ಕುರಿ ಈಲಿ ಕಣ್ ಸ್ವಾಮಿ. ನಮ್ಮುಡ್ಗಿ ಮೈಸೂರಲ್ಲಿ ಪರೀಕ್ಸೆ ಮಾಡ್ತಾಳೆ. ಪೋನ್ ಮಾಡಿ ಕೇಳಿ."

"ಬಾಡು ಪರೀಕ್ಸೆ ಮಾಡ್ತಾಳಂತೆ ಇವ್ನ ಉಡ್ಗಿ. ಯಾರ್ಗ್ಲಾ ಕತೆ ಕಟ್ಟೀಯ?"

ಮಾತು ಅಲ್ಲಿಗೆ ಮುಗಿಯಿತು. ಕೂದಲು ಹಿಡಿದು ಬಸ್ಸಿನಿಂದ ಎಳೆದರು. ಸೀಸೆಗಳನ್ನು ಬೂಟುಗಾಲಲ್ಲಿ ಪುಡಿ ಮಾಡಿದರು. ಆ ಗಾಜಿನ ಮೇಲೆಯೇ ಅವರನ್ನು ಕೆಡವಿ, ಕಿವಿಯಿಂದ ರಕ್ತ ಇಳಿಯುವವರೆಗೆ ಲಾಠಿಯಲ್ಲಿ ಬಡಿದರು. ತಲೆಗೆ ಅಡ್ಡ ಹಿಡಿದ ಬಲಗೈಯನ್ನು ಬೆರಳು ಮುರಿಯುವಂತೆ ತುಳಿದರು. ಬಸ್ಸಿನ ತುಂಬ ಜನ ನೋಡುತ್ತಿದ್ದರು, ಒಬ್ಬರೂ ಇಳಿಯಲಿಲ್ಲ. ಸಂಜೆ, ಮುರಿಯದ ಕೈಯ ಹೆಬ್ಬೆಟ್ಟನ್ನು ತಪ್ಪೊಪ್ಪಿಗೆಯ ಕಾಗದಕ್ಕೆ ಒತ್ತಿಸಿಕೊಂಡರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ತಾವು ಗಾರ್ಡುಗಳ ಮಾತನ್ನು ಹಾಗೆಯೇ ನಂಬಿದಿರಿ. ಕೊಳೆಯುತ್ತದೆ ಎಂದು ಮಾರನೆಯ ದಿನವೇ ಎಲ್ಲ ಈಲಿಗೂ ಸೀಮೆಎಣ್ಣೆ ಸುರಿದು ಸುಡಿಸಿದಿರಿ. ಚೆಲುವಮ್ಮ ಕುರಿಗಳ ತಲೆ, ಚರ್ಮ ಎಲ್ಲವನ್ನೂ ಮಂಕರಿಯಲ್ಲಿ ಹೊತ್ತು ನಿಮ್ಮ ಬಾಗಿಲಿಗೆ ಬಂದು, "ಜಿಂಕೆಗೆ ಇಂಥ ಉಣ್ಣೆ ಇರ್ತದಾ ಸ್ವಾಮಿ?" ಎಂದು ಕೇಳಿದರು. ನಿಮ್ಮವರು ಮಂಕರಿಯನ್ನು ಒದ್ದು, ಆ ಮುದುಕಿಯ ಮೊಣಕಾಲಿಗೂ ಬೆತ್ತ ಬೀಸಿದರು. ಉಣ್ಣೆ ಸಾಕ್ಷಿಯಲ್ಲ, ಹೆಬ್ಬೆಟ್ಟು ಸಾಕ್ಷಿ. ಎಂಥ ನ್ಯಾಯ ಸ್ವಾಮಿ ನಿಮ್ಮದು!

ಜಾಮೀನಿನ ಮೇಲೆ ಬಂದ ಮಾವನನ್ನು ಕರೆದುಕೊಂಡು ನಾನೂ ಬಂದೆ. ನನ್ನ ಕೆಲಸವನ್ನು ವಿವರಿಸಿದೆ. ತಾವು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಔಷಧಿ ಕುರಿ ಯಾವುದು, ಜಿಂಕೆ ಯಾವುದು ಅಂತ ಹೇಳುತ್ತದೆಯೇನಮ್ಮ?" ಇಲ್ಲ ಎಂದೆ. ಆ ಕಿಣ್ವ ಎರಡರಲ್ಲೂ ಇರುತ್ತದೆ, ಪ್ರಾಣಿ ಯಾವುದೆಂದು ಹೇಳುವ ಪರೀಕ್ಷೆ ಬೇರೆ ಇದೆ, ಒಂದೇ ಒಂದು ತುಂಡು ಉಳಿಸಿದ್ದರೆ ಅದನ್ನೇ ಮಾಡಿಸಬಹುದಿತ್ತು ಎಂದೆ. ತಾವು "ಇಲ್ಲ" ಎಂಬುದನ್ನು ಮಾತ್ರ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದಿರಿ. ಈಗ ಆರೋಪಪಟ್ಟಿಯಲ್ಲಿ, ಅದು ಜಿಂಕೆಯದ್ದೂ ಇರಬಹುದೆಂದು ಸಂಶೋಧಕಿಯೇ ಒಪ್ಪಿದ್ದಾರೆ ಎಂದಿದೆ. ನಾನು ಒಂದು ಸುಳ್ಳು ಹೇಳಿದ್ದರೆ ಮಾವ ಅಂದೇ ಬಚಾವಾಗುತ್ತಿದ್ದರೋ ಏನೋ.

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆ ಗಳಿಗೆಯಲ್ಲಿ ನಿಮ್ಮ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನಿಮ್ಮ ಹಣೆಗೆ ಕುಟ್ಟಬೇಕು ಅನ್ನಿಸಿತು. ಕೈಗೆ ತೆಗೆದುಕೊಂಡೂ ಇದ್ದೆ. ಪಟ್ಟಿ ಸುತ್ತಿದ ಕೈಯಲ್ಲೇ ಮಾವ ನನ್ನ ಮಣಿಕಟ್ಟು ಹಿಡಿದು, "ಬುಡವ್ವ, ಅವ್ರಂಗೆ ನಾವೂ ಆಗಾದು ಬ್ಯಾಡ" ಅಂದರು. ನಿಮ್ಮ ಹಣೆ ಉಳಿದದ್ದು ನೀವು ಹೊಡೆಸಿದ ಮನುಷ್ಯನಿಂದ.

ಮೊನ್ನೆ ಅದೇ ಮಂದೆಯ ಇನ್ನೊಂದು ಕುರಿ ಕೊಯ್ದರು ಎಂದು ತಿಳಿದು, ಡಬ್ಬ ಹಿಡಿದು ನಾನೇ ಹೋದೆ. ಒಂದು ಮನೆಯೂ ಬಾಗಿಲು ತೆಗೆಯಲಿಲ್ಲ. ಚೆಲುವಮ್ಮ ಒಳಗಿನಿಂದಲೇ, "ಓಗವ್ವ, ಪರೀಕ್ಸೇನೂ ಬ್ಯಾಡ, ಏನೂ ಬ್ಯಾಡ. ಒದೆ ತಿನ್ನಕ್ಕೆ ತ್ರಾಣ ಇಲ್ಲ" ಅಂದರು. ಜಗಲಿಯ ಮೇಲೆ ಅವರ ಮೊಮ್ಮಗ ಸುಟ್ಟ ಈಲಿಯನ್ನು ಊದಿಕೊಂಡು ತಿನ್ನುತ್ತಿದ್ದ. ಕಿತ್ತುಕೊಳ್ಳಲು ನನಗೆ ಯಾವ ಹಕ್ಕಿತ್ತು? ಅದರಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ, ಆ ಮಗುವಿಗೂ ಗೊತ್ತಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಮುಂದಿನ ವಿಚಾರಣೆಗೆ ಮೊದಲು ಕೇಸು ಹಿಂತೆಗೆದುಕೊಳ್ಳಿ. ಹೊಡೆದವರ ಮೇಲೆ ಕೇಸು ಹಾಕಿ. ಆಮೇಲೆ ಅಂತರಸಂತೆಯ ಸಂತೆಯ ದಿನ ತಾವೇ ಬಂದು, ಸೋಮಯ್ಯ ತಂದದ್ದು ಕುರಿಯ ಈಲಿ, ಕೊಟ್ಟವರು ಯಾರೂ ಹೆದರಬೇಕಿಲ್ಲ ಎಂದು ಎಲ್ಲರ ಎದುರು ನಿಮ್ಮ ಬಾಯಿಂದಲೇ ಹೇಳಿ. ನಾನು ಎಷ್ಟು ಹೇಳಿದರೂ ಆ ಬಾಗಿಲುಗಳು ತೆರೆಯುವುದಿಲ್ಲ, ಮುಚ್ಚಿಸಿದವರೇ ತೆರೆಸಬೇಕು. ನೀವು ಬರುವವರೆಗೆ ಆ ಮಗು ತಿನ್ನುವ ಒಂದೊಂದು ತುತ್ತಿಗೂ ನೀವೇ ಹೊಣೆ.

ಇಂತಿ,
ನಿಜ ಹೇಳಿ ಸ್ವಂತ ಮಾವನನ್ನೇ ಸಿಕ್ಕಿಸಿದ
ಬೃಂದಾ